ಹೂಕುಂಡ ಹೋದ ದಾರಿಯಲ್ಲಿ ಮನುಷ್ಯ ಹೋಗಬಾರದೇ?

ಸರಕಾರ ಹೂವು ತೋರಿಸುತ್ತದೆ, ಜನ ಹೋಗಿ ನೋಡುತ್ತಾರೆ. ಇದರಲ್ಲಿ ರಾಜಕಾರಣವೇನು ಬಂತು ಎಂದು ನಮ್ಮ ಓದುಗರು ಕೇಳಬಹುದು. ಕಾಲುವೆಯ ನೀರು, ಕೂಲಿಯ ದರ, ಗಣಿ ಕಾರ್ಮಿಕರ ಪಾಡು ಇವುಗಳಿಗೇ ಜಾಗ ಸಾಲದ ಈ ಪತ್ರಿಕೆಯಲ್ಲಿ ಫಲಪುಷ್ಪ ಪ್ರದರ್ಶನದ ಮಾತೇಕೆ ಎಂದು ಕೆಲವರು ಮೂಗು ಮುರಿಯಲೂಬಹುದು. ಅವರು ದಯವಿಟ್ಟು ಕೊನೆಯವರೆಗೆ ಓದಬೇಕು. ಮೂರು ಮೆಟ್ಟಿಲುಗಳ ಕೆಳಗೆ ಒಂದು ಗಂಟೆ ಕಾಲ ನಿಂತ ಮೇಲೆಯೇ ಇದೂ ರಾಜಕಾರಣವೆಂಬುದು ನಮಗೆ ತಿಳಿದುಬಂದದ್ದು.

ಕಳೆದ ಚಳಿಗಾಲದಲ್ಲಿ ಜಿಲ್ಲಾ ಕೇಂದ್ರವೊಂದರ ಪ್ರದರ್ಶನಕ್ಕೆ ಹೋಗಿದ್ದೆವು. ಯಾವ ಊರು ಎಂದು ಇಲ್ಲಿ ಹೇಳುವುದಿಲ್ಲ. ಒಂದು ಊರಿನ ಹೆಸರು ಹೇಳಿದ ಕೂಡಲೇ ಉಳಿದ ಊರುಗಳವರೆಲ್ಲ ತಮ್ಮದೇನೂ ತಪ್ಪಿಲ್ಲವೆಂದು ನೆಮ್ಮದಿಯಾಗಿ ಕುಳಿತುಬಿಡುತ್ತಾರೆ. ಜೊತೆಗಿದ್ದವರು ಸಿಂಧನೂರು ತಾಲ್ಲೂಕಿನ ನಮ್ಮ ಹಳೆಯ ಸಂಗಾತಿ. ಭತ್ತದ ರಾಶಿ ಮಾಡುವ ಯಂತ್ರಕ್ಕೆ ಸಿಕ್ಕಿ ಬಲಗಾಲು ಕಳೆದುಕೊಂಡವರು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೇ ಈಗ ಅವರ ಕಾಲು. ಮನೆಯ ಹಿಂದಿನ ಅಂಗೈಯಗಲದ ಜಾಗದಲ್ಲಿ ಮಲ್ಲಿಗೆ, ಕನಕಾಂಬರ ಬೆಳೆಸಿದ್ದಾರೆ. ಮನೆಯಾಕೆ ಹೂ ಕಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಾರೆ. ಸಂಸಾರ ನಡೆಯುವುದೇ ಅದರಿಂದ. ಹೊಸ ತಳಿ ಯಾವುದು ಬಂದಿದೆ, ಸಸಿ ಎಲ್ಲಿ ಸಿಗುತ್ತದೆ, ಹನಿ ನೀರಾವರಿಗೆ ಸಹಾಯಧನ ಸಿಕ್ಕೀತೇ ಎಂದು ಕೇಳಿ ತಿಳಿಯಬೇಕೆಂಬುದು ಅವರ ಆಸೆಯಾಗಿತ್ತು. ಭತ್ತ ಇಳಿಸಿ ಬರಿದೇ ಹೋಗುತ್ತಿದ್ದ ಸರಕಿನ ಗಾಡಿಯೊಂದರಲ್ಲಿ ಅವರನ್ನೂ ಅವರ ಸೈಕಲ್ಲನ್ನೂ ಏರಿಸಿಕೊಂಡು ಹೊರಟೆವು.

ಬಾಗಿಲಲ್ಲೇ ಮೊದಲ ಅಡ್ಡಿ. ಮೋಟಾರು ಸೈಕಲ್ಲುಗಳು ನುಗ್ಗಬಾರದೆಂದು ಅಲ್ಲಿ ಕಬ್ಬಿಣದ ಗೂಟಗಳನ್ನು ನೆಟ್ಟಿದ್ದರು. ಮೂರು ಗಾಲಿಯ ಸೈಕಲ್ಲೂ ಅವುಗಳ ನಡುವೆ ತೂರಲಿಲ್ಲ. ಕಾವಲುಗಾರ ಒಳ್ಳೆಯವನು, ಪಕ್ಕದ ಗೇಟು ತೆರೆದುಕೊಟ್ಟ. ಟಿಕೆಟ್ಟಿನ ಕಿಂಡಿ ಕುಳಿತವರ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು. ಒಳಗೆ ಹೋದರೆ ಹಾದಿಗೆಲ್ಲ ಹೊಸ ಜಲ್ಲಿ ಸುರಿದಿದ್ದರು. ಕಣ್ಣಿಗೆ ಅಂದ, ಗಾಲಿಗೆ ಕೆಸರಿಗಿಂತ ಕಷ್ಟ. ನೂಕಿ ಎಳೆದು ಮುಖ್ಯ ಮಂಟಪದ ಮುಂದೆ ತಲುಪಿದರೆ ಮೂರು ಮೆಟ್ಟಿಲು. ಹೂವೆಲ್ಲ ಮೇಲೆ, ನಮ್ಮ ಸಂಗಾತಿ ಕೆಳಗೆ.

ಇಬ್ಬರು ಕಾಲೇಜು ಹುಡುಗರು ಓಡಿಬಂದರು. "ಹೊತ್ತುಕೊಂಡು ಹೋಗ್ತೀವಿ ಬರ್ರಿ ಕಾಕಾ" ಎಂದರು. ಹುಡುಗರ ಮನಸ್ಸು ದೊಡ್ಡದು, ಅದಕ್ಕೆ ನಮ್ಮ ನಮಸ್ಕಾರ. ಆದರೆ ನಮ್ಮ ಸಂಗಾತಿ ಒಪ್ಪಲಿಲ್ಲ. "ನನ್ನ ಯಾಕ ಹೊರತೀರಪಾ, ನಾನೇನು ಭತ್ತದ ಚೀಲ ಏನು? ಆ ಮೂರು ಕಲ್ಲು ಸರಸ್ರಿ, ನಾನ ಬರತೀನಿ" ಎಂದರು.

ಆ ಹೊತ್ತಿಗೆ ಮಂಟಪದ ಹಿಂಬದಿಗೆ ಕಣ್ಣು ಹೋಯಿತು. ಅಲ್ಲಿ ದಪ್ಪ ಹಲಗೆಗಳನ್ನು ಜೋಡಿಸಿ ಉದ್ದನೆಯ ಇಳಿಜಾರು ಮಾಡಿದ್ದರು. ಹೂವಿನ ಕುಂಡಗಳನ್ನು ತುಂಬಿದ ಕೈಗಾಡಿಯೊಂದು ಅದರ ಮೇಲೆ ಸರಾಗವಾಗಿ ಏರಿ ಒಳಗೆ ಹೋಯಿತು. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದೆವು. "ಅದು ಕುಂಡ ಸಾಗಸಾಕ ಮಾಡಿದ್ದು ರೀ, ಸಾರ್ವಜನಿಕರಿಗೆ ಇಲ್ಲ" ಎಂಬ ಉತ್ತರ ಬಂತು. ಮೇಲಿನವರನ್ನು ಕೇಳಬೇಕು, ಮೇಲಿನವರು ಉದ್ಘಾಟನೆ ಮುಗಿಸಿ ಹೋಗಿದ್ದಾರೆ. ನಮ್ಮ ಸಂಗಾತಿ ನಕ್ಕುಬಿಟ್ಟರು: "ಕುಂಡ ಆಗಿ ಹುಟ್ಟಬೇಕಿತ್ತು ನೋಡ್ರಿ."

ಕೊನೆಗೆ ನಾವೊಬ್ಬರೇ ಮೇಲೆ ಹೋಗಿ ನೋಡಿಕೊಂಡು ಬಂದು ಅವರಿಗೆ ವರದಿ ಒಪ್ಪಿಸಿದೆವು. ಇಂಥ ಬಣ್ಣ, ಇಷ್ಟು ಎತ್ತರ, ಹೂವಿನಲ್ಲೇ ಕಟ್ಟಿದ ಗೋಪುರ ಎಂದೆಲ್ಲ ಹೇಳಿದೆವು. ಅವರು ಕೇಳಿದ್ದು ಬೇರೆ: ಮಲ್ಲಿಗೆ ಬುಡಕ್ಕೆ ಏನು ಹಾಕಿದ್ದಾರೆ, ಸವರಿದ್ದು ಎಷ್ಟು ದಿನದ ಹಿಂದೆ ಇರಬಹುದು, ಎಲೆಗೆ ಹುಳು ಇತ್ತೇ? ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಗಿಡ ಬಲ್ಲವರು ಮೆಟ್ಟಿಲ ಕೆಳಗೆ ಉಳಿದರು. ಗಿಡದ ಗಂಧಗಾಳಿ ಇಲ್ಲದ ನಾವು ಕಾಲೆರಡು ಇವೆಯೆಂಬ ಒಂದೇ ಯೋಗ್ಯತೆಯಿಂದ ಒಳಗೆ ಹೋಗಿ ಬಂದೆವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅವರನ್ನು ಒಳಗೆ ಬಿಡದೆ ಇದ್ದದ್ದು ಇಲ್ಲದ ಕಾಲಲ್ಲ, ಇದ್ದ ಮೆಟ್ಟಿಲು. ಕಾಲು ಹೋದದ್ದು ಅಪಘಾತ. ಮೆಟ್ಟಿಲು ಕಟ್ಟಿದ್ದು ತೀರ್ಮಾನ. ಅಪಘಾತವನ್ನು ಯಾರೂ ತಿದ್ದಲಾರರು. ತೀರ್ಮಾನವನ್ನು ತಿದ್ದಬಹುದು, ತಿದ್ದಲೇಬೇಕು.

ಇದು ದಯೆಯ ಪ್ರಶ್ನೆಯೂ ಅಲ್ಲ. 1995ರಲ್ಲಿಯೇ ಸಂಸತ್ತು ಅಂಗವಿಕಲರಿಗಾಗಿ ಒಂದು ಕಾನೂನು ಮಾಡಿತ್ತು. ಅದರ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸಾಂಸ್ಕೃತಿಕ ಬದುಕಿನಲ್ಲಿಯೂ ಮನರಂಜನೆಯಲ್ಲಿಯೂ ಅಂಗವಿಕಲರು ಇತರರಿಗೆ ಸಮನಾಗಿ ಪಾಲ್ಗೊಳ್ಳುವಂತೆ ಸರಕಾರ ನೋಡಿಕೊಳ್ಳಬೇಕೆಂದು ಅದರ 29ನೆಯ ಕಲಮು ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಅವರು ಬಳಸಬಲ್ಲ ಹಾಗೆ ಮಾಡಬೇಕೆಂದು 45ನೆಯ ಕಲಮು ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನಿನಲ್ಲಿ. ಐದು ವರ್ಷ 2022ರ ಜೂನಿಗೆ ತುಂಬಿತು. ತೀರಾ ಅಗತ್ಯವಿದ್ದ ಕಡೆ ಗಡುವನ್ನು ಮುಂದೂಡಲು ಅವಕಾಶವಿದೆಯೇ ಹೊರತು ಮರೆತುಬಿಡಲು ಅವಕಾಶವಿಲ್ಲ. ಕಾನೂನು ಮೀರಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವೆಂದೂ ಬರೆದಿದೆ.

ದೃಷ್ಟಿಯಿಲ್ಲದ ನಾಗರಿಕ ರಾಜೀವ್ ರತೂರಿ ಅವರು 2005ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2024ರ ನವೆಂಬರ್ 8ರಂದು, ಹತ್ತೊಂಬತ್ತು ವರ್ಷಗಳ ಮೇಲೆ, ಕೋರ್ಟು ಒಂದು ಮುಖ್ಯ ತೀರ್ಪು ಕೊಟ್ಟಿತು. ಕಾನೂನು ಕಡ್ಡಾಯವೆಂದು ಹೇಳಿದ್ದನ್ನು ಸರಕಾರದ ನಿಯಮ ಬರಿಯ ಶಿಫಾರಸ್ಸಿನ ಮಟ್ಟಕ್ಕೆ ಇಳಿಸಿತ್ತು. ಅಂಥ ನಿಯಮ ನಿಲ್ಲಲಾರದು, ಮೂರು ತಿಂಗಳೊಳಗೆ ಕಡ್ಡಾಯವಾದ ನಿಯಮಗಳನ್ನು ಮಾಡಿರಿ ಎಂದಿತು. ದೆಹಲಿಯಲ್ಲಿ ಕಾನೂನು, ದೆಹಲಿಯಲ್ಲಿ ತೀರ್ಪು. ನಮ್ಮ ಜಿಲ್ಲೆಯ ರೈತನಿಗೆ ಈ ಕಥೆ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಿದ್ದೇವೆಂದು ಮೇಲಿನವರು ಪ್ರಕಟಿಸುತ್ತಾರೆ. ಕೊನೆ ಭಾಗದ ಹೊಲದಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ. ಹಕ್ಕಿನ ಕಾಲುವೆಗೂ ಒಂದು ಕೊನೆ ಭಾಗವಿದೆ. ಅಲ್ಲಿ ಕುಳಿತಿರುವವರೇ ನಮ್ಮ ಸಂಗಾತಿಯಂಥವರು.

ಇಂಥವರು ಎಷ್ಟು ಜನ ಬರುತ್ತಾರೆ, ನಾಲ್ಕು ಜನಕ್ಕಾಗಿ ಇಷ್ಟೆಲ್ಲ ಏಕೆ ಎಂದು ಕೇಳುವವರುಂಟು. 2011ರ ಜನಗಣತಿಯ ಲೆಕ್ಕದಲ್ಲಿಯೇ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರಿದ್ದರು. ದೇಶದಲ್ಲಿ 2 ಕೋಟಿ 68 ಲಕ್ಷ. ಆ ಗಣತಿ ಲೆಕ್ಕಕ್ಕೆ ಹಿಡಿಯದವರು ಇನ್ನೂ ಹೆಚ್ಚು. ಸಿಂಧನೂರಿನ ಗದ್ದೆಗಳಲ್ಲಿ ಮೂವತ್ತು ನಲವತ್ತು ವರ್ಷ ಬಗ್ಗಿ ಭತ್ತ ನಾಟಿ ಮಾಡಿದ ಹೆಣ್ಣುಮಕ್ಕಳ ಸೊಂಟ, ಮೊಣಕಾಲುಗಳನ್ನು ಯಾವ ಗಣತಿದಾರ ಬಂದು ಎಣಿಸಿದ್ದಾನೆ? ತುಂಬಿದ ಬಸುರಿ, ಕೂಸನ್ನು ಕಂಕುಳಲ್ಲಿ ಹೊತ್ತವಳು, ಕೋಲೂರಿ ನಡೆಯುವ ಮುದುಕ, ಇವರಿಗೂ ಮೆಟ್ಟಿಲು ಮೆಟ್ಟಿಲೇ. ನಾಲ್ಕು ಜನ ಮಾತ್ರ ಬರುತ್ತಾರೆನ್ನುವುದು ನಿಜವಿರಬಹುದು. ದಾರಿಯಿಲ್ಲದ ಕಡೆ ನಾಲ್ಕು ಜನ ಬಂದದ್ದೇ ಹೆಚ್ಚು. ಸೇತುವೆ ಇಲ್ಲದ ಹಳ್ಳವನ್ನು ಯಾರೂ ದಾಟುವುದಿಲ್ಲ, ಆದ್ದರಿಂದ ಸೇತುವೆ ಬೇಡ ಎಂದು ವಾದಿಸಿದ ಹಾಗಾಯಿತು ಇದು.

ಇನ್ನು ಕೆಲವರು, ಅವರಲ್ಲಿ ನಮ್ಮ ಪಕ್ಷದವರೂ ಇದ್ದಾರೆ, ಬೇರೆ ರಾಗ ತೆಗೆಯುತ್ತಾರೆ. ಮೊದಲು ಕೆಲಸ ಕೊಡಿಸಿ, ಮಾಸಾಶನ ಹೆಚ್ಚಿಸಿ, ಹೂವಿನ ಮಾತು ಆಮೇಲೆ ಎನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವೇಕೆ ಎಂಬ ನಮ್ಮ ಹಳೆಯ ಗಾದೆಯನ್ನು ಅವರು ಇಂದಿಗೂ ನಂಬಿದ್ದಾರೆ. ಈ ಗಾದೆಯನ್ನು ಕಟ್ಟಿದವನ ಹೊಟ್ಟೆ ತುಂಬಿದ್ದಿರಬೇಕು. ಬಡವನಿಗೆ ಹಿಟ್ಟು ಸಾಕು, ಹೂವು ಉಳ್ಳವರಿಗಿರಲಿ ಎಂಬ ಪಾಠವನ್ನು ನಗೆಚಾಟಿಕೆಯ ರೂಪದಲ್ಲಿ ನಮ್ಮ ಬಾಯಿಂದಲೇ ಹೇಳಿಸಿದ್ದಾರೆ. ಸಮಾಜವಾದ ಹಿಟ್ಟನ್ನು ಮಾತ್ರ ಹಂಚುವ ಸಿದ್ಧಾಂತವಲ್ಲ. ಹಿಟ್ಟೂ ಬೇಕು, ಹೂವೂ ಬೇಕು. ಎರಡೂ ದುಡಿದವನ ಬೆವರಿನಿಂದಲೇ ಬಂದವು. ಅದೂ ಅಲ್ಲದೆ ನಮ್ಮ ಸಂಗಾತಿಯ ಪಾಲಿಗೆ ಮಲ್ಲಿಗೆಯೇ ಹಿಟ್ಟು. ಪ್ರದರ್ಶನದಲ್ಲಿ ಸಿಗುವ ಸಸಿ, ಸಲಹೆ, ಯೋಜನೆಯ ಅರ್ಜಿ ಇವೆಲ್ಲ ಮೆಟ್ಟಿಲಿನ ಮೇಲಿದ್ದರೆ ಅವರ ಒಲೆಯೂ ಕೆಳಗೇ ಉಳಿಯುತ್ತದೆ.

ಈಗ ರಾಜಧಾನಿಯ ಕಡೆಗೊಮ್ಮೆ ನೋಡೋಣ. ಫಲಪುಷ್ಪ ಪ್ರದರ್ಶನವೆಂದರೆ ಕನ್ನಡಿಗರ ಮನಸ್ಸಿಗೆ ಬರುವುದು ಬೆಂಗಳೂರಿನ ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟ ಅದು. ಇಂದು ಸುಮಾರು 240 ಎಕರೆ. ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ, ವರ್ಷಕ್ಕೆ ಎರಡು ಸಲ ಅಲ್ಲಿ ಪ್ರದರ್ಶನ ನಡೆಯುತ್ತದೆ, ಲಕ್ಷಗಟ್ಟಲೆ ಜನ ಸೇರುತ್ತಾರೆ. ನಮ್ಮ ಸಂಗಾತಿ ಅಲ್ಲಿಗೆ ಹೋಗುವುದೆಂತು? ಅಂಗವಿಕಲರ ರಿಯಾಯಿತಿ ಬಸ್ ಪಾಸು ವಾಸದ ಊರಿನಿಂದ 100 ಕಿಲೋಮೀಟರಿಗೆ ಮುಗಿಯುತ್ತದೆ. ಬೆಂಗಳೂರು ಅದರ ಮೂರು ಪಾಲಿಗೂ ದೂರ. ಬಸ್ಸಿನ ಮೊದಲ ಮೆಟ್ಟಿಲೇ ಅರ್ಧ ಗುಡ್ಡ. 2024ರ ಮಾರ್ಚಿನಲ್ಲಿ, ಅದುವರೆಗೆ ಕಾರಟಗಿಗೆ ನಿಲ್ಲುತ್ತಿದ್ದ ಯಶವಂತಪುರದ ರೈಲು ಸಿಂಧನೂರಿಗೆ ಬಂತು. ಬಹಳ ಸಂತೋಷ. ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿದರೆ ಅದೇ ಗಾಡಿ ಲಾಲ್‌ಬಾಗ್ ನಿಲ್ದಾಣಕ್ಕೆ ಒಯ್ಯುತ್ತದೆ. ನಿಲ್ದಾಣಗಳಲ್ಲಿ ಲಿಫ್ಟೂ ಇದೆ. ರಾಜಧಾನಿಯ ಕೊನೆಯ ಕೆಲವು ಮೈಲಿ ಸುಗಮ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮೊದಲ ನೂರು ಗಜವೇ ದುರ್ಗಮ.

ರಾಮಮನೋಹರ ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯದ ಮಾತಾಡಿದ್ದು ಇದಕ್ಕಾಗಿಯೇ. ಎಲ್ಲ ಹೂವೂ ಒಂದೇ ಕಂಬದ ಬುಡದಲ್ಲಿ ಅರಳಿದರೆ ಉಳಿದ ಮೂರು ಕಂಬಗಳ ಕೆಳಗಿನವರು ಪಟ ನೋಡಿ ತೃಪ್ತರಾಗಬೇಕು. ನಡೆಯಲಾರದವನನ್ನು ಹೂವಿನ ಕಡೆಗೆ ಒಯ್ಯುವುದಕ್ಕಿಂತ ಹೂವನ್ನು ಅವನ ಊರಿಗೆ ತರುವುದು ಸುಲಭ. ಹೂಕುಂಡಕ್ಕೆ ಬಸ್ ಪಾಸಿನ ಮಿತಿ ಇಲ್ಲ.

ಖರ್ಚಿನ ಮಾತು ಬರುತ್ತದೆ. ಬರಲಿ, ಲೆಕ್ಕ ಹಾಕೋಣ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಎಲ್ಲ ಕಡೆ ಒಪ್ಪಿದ ಅಳತೆ. ಅರ್ಧರ್ಧ ಅಡಿಯ ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ. ಅದಕ್ಕೆ ಬೇಕಾದದ್ದು ಹದಿನೆಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯ ಹಾದಿ, ಪಕ್ಕದಲ್ಲಿ ಹಿಡಿಯಲು ಒಂದು ಗಳ. ಜಲ್ಲಿಯ ಬದಲು ಗರಸು ಹಾಕಿ ನೀರು ಹೊಡೆದು ರೋಲರ್ ಉರುಳಿಸಿದರೆ ಗಾಲಿ ಓಡುತ್ತದೆ. ಗೂಟಗಳ ನಡುವೆ ಒಂದು ಕಡೆ ನಾಲ್ಕು ಅಡಿ ಬಿಟ್ಟರೆ ಸಾಕು. ಹೂವಿನ ಸಾಲುಗಳ ಕೊನೆಯಲ್ಲಿ ಗಾಲಿಕುರ್ಚಿ ತಿರುಗಲು ಐದು ಅಡಿ ಜಾಗ, ಅಲ್ಲಲ್ಲಿ ಕೂರಲು ಬೆಂಚು, ಒಳಗೆ ಹೋಗಬಲ್ಲ ಒಂದು ಶೌಚಾಲಯ. ಕಣ್ಣಿಲ್ಲದವರಿಗಾಗಿ ದವನ, ಮರುಗ, ಮಲ್ಲಿಗೆ, ತುಳಸಿಯ ಒಂದು ಮಡಿ, ಮುಟ್ಟಬಾರದೆಂಬ ಹಲಗೆ ಇಲ್ಲದ ಮಡಿ. ಬೆಳಿಗ್ಗೆ ನೂಕುನುಗ್ಗಲು ಶುರುವಾಗುವ ಮುನ್ನ ಒಂದೆರಡು ಗಂಟೆ ವೃದ್ಧರಿಗೆ, ಅಂಗವಿಕಲರಿಗೆ ಮೀಸಲು. ಹೂವಿನಲ್ಲಿ ಗೋಪುರ ಕಟ್ಟುವವರಿಗೆ ಇದೊಂದು ಖರ್ಚೇ?

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯನ್ನು ನೆನೆಯಿರಿ. ಚಿನ್ನ ಬೇಕೆಂದು ಮನುಷ್ಯನನ್ನು ಸಾವಿರ ಅಡಿಗೂ ಮೀರಿದ ಆಳಕ್ಕೆ ಇಳಿಸುತ್ತಾರೆ, ಪಾಳಿ ಮುಗಿದ ಮೇಲೆ ಯಂತ್ರ ಅವನನ್ನು ಮತ್ತೆ ಬೆಳಕಿಗೆ ಎತ್ತುತ್ತದೆ. ಚಿನ್ನಕ್ಕಾಗಿ ಸಾವಿರ ಅಡಿ ಎತ್ತಬಲ್ಲ ನಾಡಿಗೆ ಹೂವಿಗಾಗಿ ಒಂದೂವರೆ ಅಡಿ ಎತ್ತಲು ಬರುವುದಿಲ್ಲವೆಂದರೆ ನಂಬುವವರು ಯಾರು? ಬರುವುದಿಲ್ಲವೆಂದಲ್ಲ, ಬೇಕಾಗಿಲ್ಲ. ಲಾಭವಿದ್ದ ಕಡೆ ದಾರಿ ತಾನಾಗಿ ಹುಟ್ಟುತ್ತದೆ, ಮನುಷ್ಯನಷ್ಟೇ ಇದ್ದ ಕಡೆ ಜಗಳವಾಡಿ ಹುಟ್ಟಿಸಬೇಕಾಗುತ್ತದೆ.

ಹಾಗೆಂದು ಸರಕಾರವನ್ನು ಬೈದು ಕೈ ತೊಳೆದುಕೊಳ್ಳುವ ಹಕ್ಕು ನಮಗೂ ಇಲ್ಲ. ಆ ದಿನ ಹಿಂದಿರುಗುವಾಗ ದಾರಿಯುದ್ದಕ್ಕೂ ನಾವು ಅಧಿಕಾರಿಗಳನ್ನು ಟೀಕಿಸುತ್ತಲೇ ಬಂದೆವು. ನಮ್ಮ ಸಂಗಾತಿ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳಿದರು: "ನಿಮ್ಮ ಪೇಪರಿನ ಆಫೀಸು ಎಷ್ಟನೇ ಮಹಡಿಯಾಗ ಐತ್ರಿ?" ನಮ್ಮ ಬಾಯಿ ಕಟ್ಟಿತು. ಕಚೇರಿ ಮೊದಲ ಮಹಡಿಯಲ್ಲಿದೆ, ಹದಿನಾಲ್ಕು ಮೆಟ್ಟಿಲು. ಇಷ್ಟು ವರ್ಷ ಅವರು ಬಂದಾಗಲೆಲ್ಲ ಕೆಳಗಿನ ಚಹಾದ ಅಂಗಡಿಯಲ್ಲೇ ಕುಳಿತು ಮಾತಾಡಿ ಕಳಿಸಿದ್ದೇವೆ. ಅವರಿಗೆ ಚಹಾ ಇಷ್ಟವೆಂದು ತಿಳಿದಿದ್ದೆವು! ಸಮಾನತೆಯ ಲೇಖನಗಳೆಲ್ಲ ಆ ಹದಿನಾಲ್ಕು ಮೆಟ್ಟಿಲುಗಳ ಮೇಲೆ ಕುಳಿತೇ ಬರೆದವು. ಮುಂದಿನ ಸಭೆಯಿಂದ ಸಂಪಾದಕ ಮಂಡಳಿ ಕೆಳಗೇ ಸೇರುವುದೆಂದೂ, ನೆಲಮಟ್ಟದ ಕೋಣೆಯೊಂದನ್ನು ಹುಡುಕುವುದೆಂದೂ ತೀರ್ಮಾನವಾಗಿದೆ. ಓದುಗರು ಇದನ್ನು ನೆನಪಿಟ್ಟುಕೊಂಡು ನಮ್ಮನ್ನು ಕೇಳಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮುಂದಿನ ಚಳಿಗಾಲದಲ್ಲಿ ತೋಟಗಾರಿಕೆ ಇಲಾಖೆ ಜಿಲ್ಲಾ ಕೇಂದ್ರಕ್ಕೇ ನಿಲ್ಲದೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರುಗಳಲ್ಲಿ ಚಿಕ್ಕದಾಗಿಯಾದರೂ ಪ್ರದರ್ಶನ ಏರ್ಪಡಿಸಲಿ. ಅದು ಸಮನೆಲದ ಮೇಲೆ ನಡೆಯಲಿ. ಜಾಗ ಗೊತ್ತುಮಾಡುವ ಮುನ್ನ ಗಾಲಿಕುರ್ಚಿಯವರನ್ನೂ ಕೋಲಿನವರನ್ನೂ ಕರೆದು ಹಾದಿಯನ್ನು ಅವರಿಂದಲೇ ನಡೆಸಿ ನೋಡಲಿ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇಕಡಾ 5ರ ಹಣವನ್ನು ಇದಕ್ಕೆ ಮುಟ್ಟಕೂಡದು. ಅದು ಅವರ ಬದುಕಿಗೆ ಮೀಸಲಾದದ್ದು. ಹಾದಿ ಪ್ರದರ್ಶನದ ಖರ್ಚಿನಲ್ಲೇ ಸೇರಬೇಕು. ಮೆಟ್ಟಿಲಿಗೆ ಸಾಮಾನ್ಯ ಖಾತೆ, ಇಳಿಜಾರಿಗೆ ಮಾತ್ರ ಧರ್ಮದ ಖಾತೆ ಎಂಬ ಭೇದ ಏಕೆ?

ಮಸ್ಕಿಯ ಗುಡ್ಡದಲ್ಲಿ ಅಶೋಕನ ಬಂಡೆಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಅದನ್ನು ಕಂಡ ಮೇಲೆ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ಆ ಹೆಸರಿನ ಹೆಮ್ಮೆಯನ್ನು ನಾವು ಭಾಷಣಗಳಲ್ಲಿ ಬಹಳ ಹೇಳಿಕೊಳ್ಳುತ್ತೇವೆ. ಶಾಸನ ಏನು ಹೇಳುತ್ತದೆಂದು ಕೇಳುವವರು ಕಡಿಮೆ. ಧರ್ಮದಲ್ಲಿ ತೊಡಗಿದವನು ಸಣ್ಣವನಾದರೂ ಆ ಗುರಿಯನ್ನು ಮುಟ್ಟಬಲ್ಲನೆಂದೂ, ದೊಡ್ಡವರಿಗಷ್ಟೇ ಅದು ಸಾಧ್ಯವೆಂದು ತಿಳಿಯಬಾರದೆಂದೂ ಅದರ ಸಾರ. ಅದೇ ದೊರೆ ಬೇರೆ ಶಾಸನಗಳಲ್ಲಿ ದಾರಿಯ ಪಕ್ಕ ಆಲದ ಮರ ನೆಡಿಸಿದ್ದನ್ನೂ, ಮನುಷ್ಯರಿಗೂ ಪಶುಗಳಿಗೂ ಬೇಕಾದ ಔಷಧಿಯ ಗಿಡಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದನ್ನೂ ಬರೆಸಿದ. ಗಿಡವನ್ನು ಜನರಿದ್ದ ಕಡೆಗೆ ಒಯ್ದ ಆಡಳಿತ ಎರಡು ಸಾವಿರ ವರ್ಷಕ್ಕೂ ಹಿಂದೆ ಈ ನೆಲದಲ್ಲಿತ್ತು.

ಈ ಸಲದ ಮಲ್ಲಿಗೆ ಸಸಿಗಳನ್ನು ನಮ್ಮ ಸಂಗಾತಿ ಈಗಾಗಲೇ ಸವರಿಟ್ಟಿದ್ದಾರೆ. ಸಿಂಧನೂರಿನಲ್ಲಿ ಪ್ರದರ್ಶನ ನಡೆದರೆ ಎರಡು ಕುಂಡ ತಾವೂ ಇಡುವುದಾಗಿ ಹೇಳಿದ್ದಾರೆ. ಕುಂಡಗಳಿಗೆ ಹಲಗೆ ಹಾಕುವುದು ಹೇಗೂ ತಪ್ಪುವುದಿಲ್ಲ. ಅದನ್ನು ಹಿಂದಿನ ಬಾಗಿಲಿನಿಂದ ತಂದು ಮುಂದಿನ ಬಾಗಿಲಿಗೆ ಹಾಕಿರಿ, ಅಷ್ಟು ಸಾಕು.